ಸಾವಿರಾರು ಅಕ್ಷರಗಳಲ್ಲಿ ಚದುರಿದ ಬುದ್ಧಿ

1932ರ ಜೂನ್ 1, ಬುಧವಾರ. ಸ್ಕಾಟ್ಲೆಂಡಿನಾದ್ಯಂತ, 1921ರಲ್ಲಿ ಹುಟ್ಟಿದ ಮತ್ತು ಅಂದು ಶಾಲೆಗೆ ಬಂದಿದ್ದ ಮಕ್ಕಳೆಲ್ಲ ಒಂದೇ ಪರೀಕ್ಷೆ ಬರೆದರು. ನಲವತ್ತೈದು ನಿಮಿಷ, 71 ಪ್ರಶ್ನೆ. ಪದಗಳ ನಡುವಿನ ಸಂಬಂಧ, ಅಂಕಿಗಳ ಸರಣಿ, ಸಂಕೇತ ಬಿಡಿಸುವುದು, ಸಣ್ಣಪುಟ್ಟ ತರ್ಕ, ಹೀಗೆ. ಬರೆದವರು 87,498 ಮಕ್ಕಳು. 1947ರಲ್ಲಿ ಮತ್ತೊಮ್ಮೆ, 1936ರಲ್ಲಿ ಹುಟ್ಟಿದ 70,805 ಮಕ್ಕಳಿಗೆ ಅಂಥದೇ ಪರೀಕ್ಷೆ ನಡೆಯಿತು. ಅಂಕಗಳೆಲ್ಲ ಲೆಡ್ಜರುಗಳನ್ನು ಸೇರಿದವು, ಲೆಡ್ಜರುಗಳು ಕಪಾಟು ಸೇರಿದವು. ಮುಂದಿನ ಅರ್ಧ ಶತಮಾನ ಅವುಗಳ ಬಗ್ಗೆ ಹೆಚ್ಚು ಮಂದಿ ತಲೆಕೆಡಿಸಿಕೊಳ್ಳಲಿಲ್ಲ.

1990ರ ದಶಕದ ಕೊನೆಯಲ್ಲಿ ಲಾರೆನ್ಸ್ ವ್ಹಾಲಿ, ಇಯಾನ್ ಡಿಯರಿ ಎಂಬ ಇಬ್ಬರು ಸಂಶೋಧಕರು ಆ ಲೆಡ್ಜರುಗಳ ಬೆಲೆ ಅರಿತರು. ಪತ್ರಿಕೆ ಬರೆದವರಲ್ಲಿ ಇನ್ನೂ ಬದುಕಿದ್ದವರನ್ನು ಹುಡುಕಿಸಿದರು. 1998ರ ಜೂನ್ 1ರಂದು, ಸರಿಯಾಗಿ 66 ವರ್ಷದ ಬಳಿಕ, ಅಬರ್ಡೀನ್ ನಗರದ ಮ್ಯೂಸಿಕ್ ಹಾಲ್‌ನಲ್ಲಿ ಎಪ್ಪತ್ತೇಳು ದಾಟುತ್ತಿದ್ದ ಅಜ್ಜ–ಅಜ್ಜಿಯರು ಅದೇ ಪ್ರಶ್ನೆಪತ್ರಿಕೆಗೆ ಮತ್ತೆ ಉತ್ತರ ಬರೆದರು. ಹನ್ನೊಂದರ ವಯಸ್ಸಿನಲ್ಲಿ ಮುಂದಿದ್ದವರು ಮುಪ್ಪಿನಲ್ಲೂ ಬಹುಮಟ್ಟಿಗೆ ಮುಂದೆಯೇ ಇದ್ದರು. ಎರಡು ಅಂಕಗಳ ನಡುವಿನ ಸಹಸಂಬಂಧ 0.63. ಅಂದರೆ ಗಟ್ಟಿಯಾದ ನಂಟು. ಆದರೂ ಹಿಂದಿದ್ದವರು ಮುಂದೆ ಬರಲು, ಮುಂದಿದ್ದವರು ಜಾರಲು ಅದರಲ್ಲಿ ಸಾಕಷ್ಟು ಜಾಗವಿದೆ.

ಹೀಗೆ ಮರಳಿ ಸಿಕ್ಕವರಲ್ಲಿ ಅನೇಕರು ರಕ್ತವನ್ನೂ ಕೊಟ್ಟರು. ಅದರಿಂದ ಡಿಎನ್‌ಎ ತೆಗೆದದ್ದರಿಂದ ಒಂದು ಅಪರೂಪದ ಅವಕಾಶ ಒದಗಿತು: ಒಬ್ಬರದೇ ಬಾಲ್ಯದ ಅಂಕ, ಮುಪ್ಪಿನ ಅಂಕ, ಜೊತೆಗೆ ಅವರ ಜೀನ್‌ಗಳು. ಮೊದಲು ಪರೀಕ್ಷೆಗೆ ಬಂದದ್ದು ಎಪಿಒಇ ಎಂಬ ಜೀನ್. ಇದರ ‘ಇ4’ ಎಂಬ ರೂಪ ಇರುವವರಿಗೆ ಅಲ್ಝೈಮರ್ ಬರುವ ಸಾಧ್ಯತೆ ಹೆಚ್ಚು. 2002ರಲ್ಲಿ ಡಿಯರಿ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಸರಳವಾಗಿತ್ತು. ಹನ್ನೊಂದರ ವಯಸ್ಸಿನ ಅಂಕದಲ್ಲಿ ಇ4 ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವೇ ಇಲ್ಲ. ಎಂಬತ್ತರ ಹೊತ್ತಿಗೆ ಇ4 ಇದ್ದವರು ಹಿಂದೆ ಬಿದ್ದಿದ್ದರು. ಒಂದೇ ಜೀನ್, ಅದರದೇ ಒಂದು ರೂಪ. ಬಾಲ್ಯದಲ್ಲಿ ಸದ್ದಿಲ್ಲ, ಮುಪ್ಪಿನಲ್ಲಿ ಕಾಟ.

ಇದನ್ನು ಓದಿದವರಿಗೆ ಸಹಜವಾಗಿ ಒಂದು ಆಸೆ ಹುಟ್ಟುತ್ತದೆ. ಮುಪ್ಪಿನ ಮರೆವಿಗೆ ಇಂಥ ಒಂದು ಜೀನ್ ಸಿಕ್ಕಿತಲ್ಲ, ಮಕ್ಕಳ ಜಾಣತನಕ್ಕೂ ಒಂದು ಸಿಗಬಹುದಲ್ಲವೇ? ಕಳೆದ ಮೂವತ್ತು ವರ್ಷ ಈ ಆಸೆಯ ಹಿಂದೆ ಓಡಿ, ಎಡವಿ, ಕೊನೆಗೆ ಯಾರೂ ನಿರೀಕ್ಷಿಸದ ಜಾಗಕ್ಕೆ ಬಂದು ನಿಂತ ವಿಜ್ಞಾನದ ಕಥೆಯೇ ಇದು.

ಅಳತೆಗೋಲಿನ ಮೂಲ

ಅದಕ್ಕೆ ಮೊದಲು ಅಳೆಯುತ್ತಿರುವುದೇನು ಎಂಬುದನ್ನು ನೋಡಬೇಕು. 1904ರಲ್ಲಿ ಚಾರ್ಲ್ಸ್ ಸ್ಪಿಯರ್ಮನ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞ ಒಂದು ಸಂಗತಿ ಗಮನಿಸಿದ. ಒಂದು ವಿಷಯದಲ್ಲಿ ಹೆಚ್ಚು ಅಂಕ ತೆಗೆಯುವ ಮಕ್ಕಳು ಸಾಮಾನ್ಯವಾಗಿ ಬೇರೆ ವಿಷಯಗಳಲ್ಲೂ ಹೆಚ್ಚು ತೆಗೆಯುತ್ತಾರೆ. ಈ ಎಲ್ಲದರ ಹಿಂದಿನ ಸಾಮಾನ್ಯ ಅಂಶವನ್ನು ಅವನು ‘ಜಿ’ ಎಂದು ಕರೆದ. ಮರುವರ್ಷ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ತನ್ನ ಪರೀಕ್ಷೆಯನ್ನು ಹೊರತಂದ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಸಹಾಯ ಮಾಡುವುದಷ್ಟೇ ಅವನ ಉದ್ದೇಶ. ಬುದ್ಧಿ ಎಂಬುದು ಹುಟ್ಟಿನಿಂದ ಸಾವಿನವರೆಗೆ ಬದಲಾಗದ ಮೊತ್ತ ಎಂಬ ಮಾತನ್ನು ಅವನು ಒಪ್ಪುತ್ತಿರಲಿಲ್ಲ. ಆದರೆ ಅಟ್ಲಾಂಟಿಕ್ ದಾಟುತ್ತಲೇ ಅವನ ಪರೀಕ್ಷೆ ಜನರನ್ನು ಸಾಲಾಗಿ ನಿಲ್ಲಿಸುವ ಕೋಲಾಯಿತು.

ಈ ಎರಡೂ ಎಳೆಗಳು ನಮ್ಮಲ್ಲಿಗೆ ಬೇಗನೇ ಬಂದವು. ಲಂಡನ್ನಿನಲ್ಲಿ ಸ್ಪಿಯರ್ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ ಮೈಸೂರಿಗೆ ಮರಳಿ 1924ರಲ್ಲಿ ಇಲ್ಲಿನ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. (1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಪ್ರಸಾರ ಶುರುಮಾಡಿದ ಗೋಪಾಲಸ್ವಾಮಿ ಇವರೇ. ನಾಡು ಅವರನ್ನು ನೆನೆಯುವುದು ಅದಕ್ಕಾಗಿ.) ಇತ್ತ ವಿ.ವಿ. ಕಾಮತ್ ಬಿನೆಯ ಪರೀಕ್ಷೆಯನ್ನು ಧಾರವಾಡದ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ, 1940ರಲ್ಲಿ ಅದರ ಪುಸ್ತಕ ಹೊರತಂದರು. ಬುದ್ಧಿಮಾಂದ್ಯತೆಯ ಪ್ರಮಾಣಪತ್ರಕ್ಕಾಗಿ ಮಗುವನ್ನು ಕರೆದೊಯ್ಯುವ ತಂದೆತಾಯಿ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ‘ಬಿನೆ–ಕಾಮತ್’ ಎಂಬ ಹೆಸರು ಕೇಳುತ್ತಾರೆ.

ಈ ಪರೀಕ್ಷೆಗಳು ಅಳೆಯುವುದು ಮನುಷ್ಯನ ಎಲ್ಲ ಜಾಣತನವನ್ನಲ್ಲ. ಹಾಗೆಂದು ಅವು ಪೊಳ್ಳು ಎನ್ನುವುದೂ ಸರಿಯಲ್ಲ. ಸ್ಕಾಟ್ಲೆಂಡಿನ ಆ ಲೆಡ್ಜರುಗಳಲ್ಲಿ ಹೆಚ್ಚು ಅಂಕ ಪಡೆದಿದ್ದ ಮಕ್ಕಳು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದನ್ನೂ ಡಿಯರಿ, ವ್ಹಾಲಿ ತೋರಿಸಿದ್ದಾರೆ. ಏನನ್ನೋ ಅಳೆಯುತ್ತವೆ, ಅದರ ಪೂರ್ತಿ ಹೆಸರು ಇನ್ನೂ ತೀರ್ಮಾನವಾಗಿಲ್ಲ.

ಸಿಕ್ಕಿತು, ಕೈಜಾರಿತು

ಇಬ್ಬರು ಮನುಷ್ಯರ ಡಿಎನ್‌ಎ ಪಕ್ಕಪಕ್ಕ ಇಟ್ಟರೆ ಸುಮಾರು 99.9 ಶೇಕಡಾ ಒಂದೇ. ಆದರೆ ಒಟ್ಟು ಅಕ್ಷರಗಳು ಮುನ್ನೂರು ಕೋಟಿ ಇರುವುದರಿಂದ ಉಳಿದ ಆ ಚೂರೂ ಲಕ್ಷಗಟ್ಟಲೆ ಜಾಗಗಳಾಗುತ್ತದೆ. ಒಂದೇ ಒಂದು ಅಕ್ಷರ ಕೆಲವರಲ್ಲಿ ಹೀಗೆ, ಕೆಲವರಲ್ಲಿ ಹಾಗೆ ಇರುವ ಇಂಥ ತಾಣಗಳನ್ನು ‘ಸ್ನಿಪ್’ ಎನ್ನುತ್ತಾರೆ. ನೂರರಲ್ಲಿ ಒಂದಕ್ಕಿಂತ ಹೆಚ್ಚಾಗಿ ಕಾಣುವ ರೂಪಗಳಿಗೆ ಸಾಮಾನ್ಯ ರೂಪಾಂತರ ಎಂಬ ಹೆಸರು. ಇವು ರೋಗವಲ್ಲ, ದೋಷವಲ್ಲ. ನಿಮ್ಮಲ್ಲಿ ಇದೆ, ಪಕ್ಕದ ಮನೆಯವರಲ್ಲಿ ಇಲ್ಲದಿರಬಹುದು, ಅಷ್ಟೆ.

1998ರಲ್ಲಿ ಲಂಡನ್ನಿನ ಸಂಶೋಧಕ ರಾಬರ್ಟ್ ಪ್ಲೊಮಿನ್ ಮತ್ತು ಸಂಗಡಿಗರು ತುಂಬ ಜಾಣ ಮಕ್ಕಳನ್ನೂ ಸಾಧಾರಣ ಮಕ್ಕಳನ್ನೂ ಹೋಲಿಸಿ, ಆರನೇ ವರ್ಣತಂತುವಿನ ಐಜಿಎಫ್2ಆರ್ ಎಂಬ ಜೀನ್‌ನಲ್ಲಿ ವ್ಯತ್ಯಾಸ ಕಂಡಿತೆಂದು ಪ್ರಕಟಿಸಿದರು. ಬುದ್ಧಿಯ ಜೀನ್ ಸಿಕ್ಕಿತು ಎಂದು ಪತ್ರಿಕೆಗಳು ಬರೆದವು. 2002ರಲ್ಲಿ ಅದೇ ಗುಂಪು ಹೊಸ ಮಕ್ಕಳ ಮೇಲೆ ಮತ್ತೆ ನೋಡಿತು, ವ್ಯತ್ಯಾಸ ಮಾಯ. ಈ ಎರಡನೆಯ ಸುದ್ದಿಗೆ ಮುಖಪುಟದಲ್ಲಿ ಜಾಗ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಅನೇಕ ಜೀನ್‌ಗಳ ಹೆಸರು ಬಂದವು, ಹೋದವು. 2012ರಲ್ಲಿ ಮನಶ್ಶಾಸ್ತ್ರಜ್ಞ ಕ್ರಿಸ್ಟಫರ್ ಷಾಬ್ರಿ ಮತ್ತಿತರರು, ಬುದ್ಧಿಗೆ ನಂಟಿದೆ ಎಂದು ಹಿಂದಿನ ಲೇಖನಗಳು ಸಾರಿದ್ದ ಹನ್ನೆರಡು ತಾಣಗಳನ್ನು ಒಟ್ಟಿಗೆ ತೆಗೆದುಕೊಂಡು ಸುಮಾರು ಹತ್ತು ಸಾವಿರ ಜನರಲ್ಲಿ ಪರೀಕ್ಷಿಸಿದರು. ಒಂದೇ ಒಂದು, ಅದೂ ಅಲ್ಪಸ್ವಲ್ಪ, ನಿಂತಿತು. ಹನ್ನೆರಡು ಸಲ ಕಣ್ಣುಮುಚ್ಚಿ ಕಲ್ಲೆಸೆದರೂ ಒಂದಾದರೂ ತಾಗುತ್ತದೆ. ತಾವು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಅವರು, ಇದುವರೆಗೆ ವರದಿಯಾದ ಇಂಥ ಬಹುಪಾಲು ನಂಟುಗಳು ಸುಳ್ಳು ಫಲಿತಾಂಶಗಳಿರಬೇಕು ಎಂದು ಬರೆದುಬಿಟ್ಟರು. ಒಂದು ಇಡೀ ಕ್ಷೇತ್ರ ತನ್ನ ಹದಿನೈದು ವರ್ಷದ ಲೆಕ್ಕಪುಸ್ತಕವನ್ನು ತಾನೇ ಹೊಡೆದುಹಾಕಿದ್ದು ವಿಜ್ಞಾನದಲ್ಲಿ ಅಪರೂಪ. ನನಗೆ ಈ ಕಥೆಯಲ್ಲಿ ಗೌರವ ಹುಟ್ಟುವುದು ಇಲ್ಲಿ.

ತಪ್ಪಾದದ್ದು ಎಲ್ಲಿ? ಒಂದೊಂದು ಅಕ್ಷರದ ಪರಿಣಾಮ ಕಣ್ಣಿಗೆ ಕಾಣುವಷ್ಟು ದೊಡ್ಡದಿರಬಹುದು ಎಂದುಕೊಂಡದ್ದರಲ್ಲಿ. ಇದಕ್ಕೆ ಮದ್ದು 1918ರಲ್ಲೇ ಇತ್ತು. ಮೆಂಡೆಲನ ಬಟಾಣಿ ನಿಯಮಗಳೂ, ಎತ್ತರದಂಥ ಗುಣಗಳು ಜನರಲ್ಲಿ ನುಣ್ಣಗೆ ಹರಡಿರುವುದೂ ಒಂದಕ್ಕೊಂದು ವಿರೋಧವಲ್ಲ ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಆ ವರ್ಷ ಗಣಿತದಿಂದ ತೋರಿಸಿದ್ದ. ಚಿಕ್ಕಚಿಕ್ಕ ಪರಿಣಾಮದ ಬಹಳಷ್ಟು ಜೀನ್‌ಗಳು ಕೂಡಿದರೆ ಸಾಕು. ಇದೇ ಫಿಷರ್ ‘ಉತ್ತಮ’ ಜನರೇ ಹೆಚ್ಚು ಮಕ್ಕಳನ್ನು ಹೆರಬೇಕೆಂಬ ಸುಜನನವಾದದ ಕಟ್ಟಾ ಪ್ರತಿಪಾದಕನೂ ಆಗಿದ್ದ ಎಂಬುದನ್ನು ಜೊತೆಯಲ್ಲೇ ಹೇಳದೆ ಮುಂದೆ ಹೋಗುವಂತಿಲ್ಲ. ಈ ವಿಷಯದ ಮೇಲೆ ಆ ನೆರಳು ಇನ್ನೂ ಇದೆ.

ಲಕ್ಷ ಸಾಲದು, ಹತ್ತು ಲಕ್ಷ ಬೇಕು

ಪರಿಣಾಮ ಚಿಕ್ಕದಾದಷ್ಟೂ ಅದನ್ನು ಹಿಡಿಯಲು ಜನ ಹೆಚ್ಚು ಬೇಕು. ಹೊಸ ವಿಧಾನದಲ್ಲಿ ಯಾವುದೋ ಒಂದು ಜೀನ್ ಮೇಲೆ ಅನುಮಾನಪಟ್ಟು ಹೊರಡುವುದಿಲ್ಲ. ಒಬ್ಬೊಬ್ಬರ ಡಿಎನ್‌ಎಯಲ್ಲೂ ಲಕ್ಷಾಂತರ ತಾಣಗಳನ್ನು ಅದಕ್ಕೆಂದೇ ಇರುವ ಚಿಪ್‌ನಲ್ಲಿ ಓದಿ, ಪ್ರತಿಯೊಂದನ್ನೂ ಅಂಕದೊಂದಿಗೆ ತಾಳೆ ನೋಡುತ್ತಾರೆ. ಇಷ್ಟೊಂದು ತಾಳೆಯಲ್ಲಿ ಆಕಸ್ಮಿಕಗಳು ಬೇಕಾದಷ್ಟು ನುಸುಳುತ್ತವೆ. ಹಾಗಾಗಿ ಆಕಸ್ಮಿಕದ ಸಾಧ್ಯತೆ ಹತ್ತು ಕೋಟಿಗೆ ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಪ್ಪುವುದು ನಿಯಮ.

ಆದರೆ ಲಕ್ಷಾಂತರ ಜನರನ್ನು ಕೂರಿಸಿ ಬುದ್ಧಿ ಪರೀಕ್ಷೆ ಮಾಡಿಸುವವರು ಯಾರು? ಇದಕ್ಕೊಂದು ಅಡ್ಡದಾರಿ ಸಿಕ್ಕಿತು. ಹೃದ್ರೋಗ, ಸಕ್ಕರೆ ಕಾಯಿಲೆ ಯಾವುದರ ಸಮೀಕ್ಷೆಯೇ ಇರಲಿ, ಎಷ್ಟು ವರ್ಷ ಓದಿದ್ದೀರಿ ಎಂಬ ಪ್ರಶ್ನೆ ಅದರಲ್ಲಿ ಇದ್ದೇ ಇರುತ್ತದೆ. ಆ ಉತ್ತರವನ್ನೇ ಹಿಡಿದರು. 2013ರಲ್ಲಿ 1,26,559 ಜನರ ಅಧ್ಯಯನ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ಗಟ್ಟಿಯಾಗಿ ನಿಂತ ತಾಣಗಳು ಮೂರು. ಅಂಥ ಒಂದು ಅಕ್ಷರದ ಬಲ ಸುಮಾರು ಒಂದು ತಿಂಗಳ ಶಾಲೆ. ಇಷ್ಟು ದೊಡ್ಡ ಬಲೆ ಬೀಸಿ ಹಿಡಿದ ಅತಿದೊಡ್ಡ ಮೀನು ಅದು!

ಆಮೇಲೆ ಬಲೆ ಬೆಳೆಯುತ್ತಲೇ ಹೋಯಿತು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಐದು ಲಕ್ಷ ಜನರ ಆರೋಗ್ಯ ಮಾಹಿತಿ ತೆರೆಯಿತು. ಅವರಲ್ಲಿ ಅನೇಕರು ಎರಡು ನಿಮಿಷದ, 13 ಪ್ರಶ್ನೆಗಳ ಪುಟ್ಟ ತರ್ಕ ಪರೀಕ್ಷೆಯನ್ನೂ ಎದುರಿಸಿದ್ದರು. 2017ರಲ್ಲಿ 78,308 ಜನರಿಂದ ಬುದ್ಧಿಗೆ ನಂಟಿರುವ 18 ಪ್ರದೇಶಗಳು ಸಿಕ್ಕರೆ, ಮರುವರ್ಷವೇ 2,69,867 ಜನರಿಂದ 205. ಓದಿನ ವರ್ಷಗಳ ಮಟ್ಟಿಗೆ 2018ರಲ್ಲಿ 11 ಲಕ್ಷ ಜನರಿಂದ 1,271 ತಾಣಗಳು, 2022ರಲ್ಲಿ 30 ಲಕ್ಷ ಜನರಿಂದ 3,952. ಬುದ್ಧಿಯ ಜೀನ್ ಎಂಬ ಏಕವಚನವೇ ಕರಗಿಹೋಯಿತು. ಇನ್ನೊಂದು ದಿಕ್ಕಿನಿಂದಲೂ ಇದೇ ಉತ್ತರ: ಲಕ್ಷಕ್ಕೆ ಮೂವತ್ತು ಜನರಷ್ಟೇ ಮುಟ್ಟುವ ಬುದ್ಧಿಮಟ್ಟದ 1,409 ಮಂದಿಯ ಜೀನ್‌ಗಳನ್ನು 2016ರಲ್ಲಿ ಜಾಲಾಡಿದಾಗ, ಪ್ರೋಟೀನನ್ನು ಬದಲಿಸುವ ಒಂದೇ ಒಂದು ರೂಪಾಂತರವೂ ಜಾಣತನದ ಗುಟ್ಟಾಗಿ ಹೊರಬೀಳಲಿಲ್ಲ.

ಸಿಕ್ಕ ತಾಣಗಳಲ್ಲಿ ಹೆಚ್ಚಿನವು ಮಿದುಳಿನಲ್ಲಿ, ಅದರಲ್ಲೂ ನರಕೋಶಗಳಲ್ಲಿ ಕೆಲಸ ಮಾಡುವ ಜೀನ್‌ಗಳ ಆಸುಪಾಸಿನವು. ಅಷ್ಟು ನಿರೀಕ್ಷಿತವೇ. ತಮಾಷೆಯ ಸಂಗತಿಯೊಂದಿದೆ: ಈ ರೂಪಾಂತರಗಳಿಗೂ ಸಮೀಪದೃಷ್ಟಿಯ ರೂಪಾಂತರಗಳಿಗೂ ಒಂದಿಷ್ಟು ನಂಟು ಕಂಡಿದೆ. ಸಿನಿಮಾದಲ್ಲಿ ಬುದ್ಧಿವಂತನಿಗೆ ಕನ್ನಡಕ ಹಾಕಿಸುವ ನಿರ್ದೇಶಕರು ಇದನ್ನು ಓದಿ ಬೀಗಬಾರದಷ್ಟೆ.

ಸಾವಿರಾರು ಅಕ್ಷರಗಳ ಪುಟ್ಟ ಪರಿಣಾಮಗಳನ್ನು ಒಬ್ಬರಿಗೆ ಕೂಡಿಸಿದರೆ ಬರುವ ಮೊತ್ತಕ್ಕೆ ಪಾಲಿಜೆನಿಕ್ ಸ್ಕೋರ್ ಎಂದು ಹೆಸರು. 2018ರ 11 ಲಕ್ಷ ಜನರ ಅಧ್ಯಯನದ ಸ್ಕೋರ್, ಜನರ ನಡುವೆ ಬುದ್ಧಿ ಪರೀಕ್ಷೆಯ ಅಂಕದಲ್ಲಿ ಕಾಣುವ ಏರಿಳಿತದ 7ರಿಂದ 10 ಶೇಕಡಾ ವಿವರಿಸಿತು. ಪತ್ರಿಕೆಯಲ್ಲಿ ಓದಿದಾಗ ಹತ್ತು ಶೇಕಡಾ ದೊಡ್ಡದೆನಿಸುತ್ತದೆ. ಒಂದು ಮಗುವಿಗೆ ಅನ್ವಯಿಸಿ ನೋಡೋಣ. ಐಕ್ಯೂ ಸರಾಸರಿ 100, ಪ್ರಮಾಣ ವಿಚಲನೆ 15. ಮಗುವಿನ ಬಗ್ಗೆ ಏನೂ ಗೊತ್ತಿಲ್ಲದೆ 100 ಎಂದು ಊಹಿಸಿದರೆ ನಮ್ಮ ಊಹೆ ತಪ್ಪುವ ಪ್ರಮಾಣ 15 ಅಂಕದ ಅಳತೆಯದು. ಡಿಎನ್‌ಎ ಪೂರ್ತಿ ಓದಿ, ಹತ್ತು ಶೇಕಡಾ ವಿವರಿಸುವ ಸ್ಕೋರ್ ಲೆಕ್ಕ ಹಾಕಿ ಊಹಿಸಿದರೆ ಅದು 14.2ಕ್ಕೆ ಇಳಿಯುತ್ತದೆ. ಲಕ್ಷಾಂತರ ಜನರ ರಕ್ತ, ಎಂಜಲು, ಕೋಟ್ಯಂತರ ಹಣ ಸುರಿದು ಗಳಿಸಿದ್ದು ಅಂಕದ ಮುಕ್ಕಾಲು ಭಾಗದ ಖಚಿತತೆ. ಗುಂಪುಗಳ ಸರಾಸರಿ ನೋಡುವ ಸಂಶೋಧಕನಿಗೆ ಇದು ಉಪಯೋಗಿ. ಮಗಳ ಭವಿಷ್ಯ ತಿಳಿಯಬಯಸುವ ತಾಯಿಗೆ ನಿರರ್ಥಕ.

ಕೊಡದ ಅರ್ಧದ ಕೈವಾಡ

ಅವಳಿಗಳ ಅಧ್ಯಯನಗಳು ಮಾತ್ರ ಬೇರೆ ಲೆಕ್ಕ ಹೇಳುತ್ತವೆ. ತದ್ರೂಪಿ ಅವಳಿಗಳನ್ನೂ ತದ್ರೂಪಿಗಳಲ್ಲದ ಅವಳಿಗಳನ್ನೂ ಹೋಲಿಸಿದ, 11,000 ಜೋಡಿಗಳ ಒಂದು ಅಧ್ಯಯನದಲ್ಲಿ ಬುದ್ಧಿಯ ಏರಿಳಿತದಲ್ಲಿ ವಂಶದ ಪಾಲು ಒಂಬತ್ತರ ವಯಸ್ಸಿನಲ್ಲಿ 41 ಶೇಕಡಾ, ಹನ್ನೆರಡರಲ್ಲಿ 55, ಹದಿನೇಳರಲ್ಲಿ 66. ವಯಸ್ಸಾದಂತೆ ಪರಿಸರದ ಪಾಲು ಹೆಚ್ಚಬೇಕಲ್ಲವೇ ಎಂದು ನಮ್ಮ ಸಾಮಾನ್ಯ ಜ್ಞಾನ ಕೇಳುತ್ತದೆ. ಬೆಳೆದ ಮಗು ತನಗೆ ಒಗ್ಗುವ ಪುಸ್ತಕ, ಗೆಳೆಯರು, ಹವ್ಯಾಸಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಹುಟ್ಟಿನ ಚಿಕ್ಕ ಒಲವು ಹಾಗೆ ದೊಡ್ಡದಾಗುತ್ತದೆ ಎನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ.

ಅವಳಿಗಳು ಹೇಳುವ ಐವತ್ತು ಅರವತ್ತು ಎಲ್ಲಿ, ಸ್ಕೋರ್ ಹೇಳುವ ಹತ್ತು ಎಲ್ಲಿ? ಸ್ವಲ್ಪ ಭಾಗ ಚಿಪ್‌ಗಳಿಗೆ ಕಾಣದ ಅಪರೂಪದ ರೂಪಾಂತರಗಳಲ್ಲಿ ಅಡಗಿರಬಹುದು, ಸ್ವಲ್ಪ ಇನ್ನೂ ಹಿಡಿಯಲಾಗದ ಪುಟ್ಟ ಪರಿಣಾಮಗಳಲ್ಲಿ. ಆದರೆ ನಿಜವಾದ ಅಚ್ಚರಿ ಬಂದದ್ದು ಎದುರು ದಿಕ್ಕಿನಿಂದ. ಸಿಕ್ಕಿರುವ ಹತ್ತೇ ಹೆಚ್ಚಾಗಿದೆ, ಅದರಲ್ಲೂ ಒಂದಿಷ್ಟು ಜೀನಿನದಲ್ಲ ಎಂಬ ಅನುಮಾನ.

2018ರಲ್ಲಿ ಐಸ್‌ಲ್ಯಾಂಡಿನ ಆಗಸ್ಟೀನ್ ಕಾಂಗ್ ತಂಡ ಮಾಡಿದ ಲೆಕ್ಕ ಬಹಳ ಚತುರವಾದದ್ದು. ತಂದೆ, ತಾಯಿ ಇಬ್ಬರೂ ತಮ್ಮ ಡಿಎನ್‌ಎಯ ಅರ್ಧವನ್ನಷ್ಟೇ ಮಗುವಿಗೆ ಕೊಡುತ್ತಾರೆ. ಉಳಿದರ್ಧ ಮಗುವಿಗೆ ಬರುವುದೇ ಇಲ್ಲ. ಹಾಗಿದ್ದರೆ ಆ ಕೊಡದ ಅರ್ಧದ ಸ್ಕೋರಿಗೂ ಮಗುವಿನ ಓದಿಗೂ ಸಂಬಂಧ ಇರಕೂಡದು. ಕಾಂಗ್ ಮತ್ತು ಸಂಗಡಿಗರು 21,637 ಜನರನ್ನು ಅವರ ತಂದೆತಾಯಿಗಳೊಂದಿಗೆ ನೋಡಿದಾಗ ಸಂಬಂಧ ಇತ್ತು. ಕೊಟ್ಟ ಅರ್ಧದ ಬಲದ ಸುಮಾರು 30 ಶೇಕಡಾ ಬಲ ಕೊಡದ ಅರ್ಧಕ್ಕೂ ಇತ್ತು! ಮಗುವಿನ ಮೈಯಲ್ಲಿ ಇಲ್ಲದ ಅಕ್ಷರ ಮಗುವಿನ ಓದನ್ನು ಮುಟ್ಟುವುದು ಹೇಗೆ? ಮನೆಯ ಮೂಲಕ. ಆ ಅಕ್ಷರಗಳು ತಾಯಿಯನ್ನು ಇನ್ನಷ್ಟು ಓದಿಸಿರುತ್ತವೆ, ಓದಿದ ತಾಯಿ ಮನೆಗೆ ಪುಸ್ತಕ ತಂದಿರುತ್ತಾಳೆ, ಒಳ್ಳೆಯ ಶಾಲೆ ಇರುವ ಬೀದಿಯಲ್ಲಿ ಮನೆ ಮಾಡಿರುತ್ತಾಳೆ. ಇದನ್ನು ಆ ತಂಡ ಜೀನಿನ ಪೋಷಣೆ ಎಂಬರ್ಥದ ಹೆಸರಿನಿಂದ ಕರೆಯಿತು. ಹುಟ್ಟುಗುಣ, ಬೆಳೆಸಿದ ಗುಣ ಎಂದು ನಾವು ಹಾಕಿಕೊಂಡಿದ್ದ ಗೆರೆ ಇಲ್ಲಿ ಅಳಿಸಿಹೋಗಿದೆ.

ಇದನ್ನು ಪರೀಕ್ಷಿಸಲು ಒಡಹುಟ್ಟಿದವರಿಗಿಂತ ಒಳ್ಳೆಯ ದಾರಿಯಿಲ್ಲ. ಅಕ್ಕ ತಮ್ಮಂದಿರ ಮನೆ ಒಂದೇ, ಊರು ಒಂದೇ, ಜಾತಿ ಒಂದೇ. ತಂದೆತಾಯಿಯಿಂದ ಯಾರಿಗೆ ಯಾವ ಅಕ್ಷರ ಬಂತು ಎಂಬುದು ಮಾತ್ರ ಚೀಟಿ ಎತ್ತಿದಂತೆ. 2022ರಲ್ಲಿ 1,78,086 ಒಡಹುಟ್ಟಿದವರನ್ನು ಹೋಲಿಸಿದ ಅಧ್ಯಯನದಲ್ಲಿ ಎತ್ತರದ ಜೀನ್ ಪರಿಣಾಮಗಳು ಹತ್ತು ಶೇಕಡಾದಷ್ಟು ಮಾತ್ರ ಕುಗ್ಗಿದವು. ಬುದ್ಧಿ ಪರೀಕ್ಷೆಯ ಪರಿಣಾಮಗಳೂ ಕುಗ್ಗಿದವು. ಓದಿನ ವರ್ಷಗಳ ಪರಿಣಾಮಗಳಂತೂ ಸುಮಾರು ಅರ್ಧಕ್ಕೆ ಬಂದವು. ಉಳಿದದ್ದು ಸೊನ್ನೆಯಲ್ಲ ಎಂಬುದನ್ನೂ ಹೇಳಲೇಬೇಕು. ಒಂದೇ ತಾಯಿಯ ಮಕ್ಕಳ ನಡುವೆಯೂ ಈ ಅಕ್ಷರಗಳು ಸ್ವಲ್ಪ ವ್ಯತ್ಯಾಸ ಮಾಡುತ್ತವೆ. ಜೀನ್ ಎಂಬುದೇ ಕಟ್ಟುಕತೆ ಎನ್ನುವವರಿಗೂ ಈ ಅಧ್ಯಯನ ಸಮಾಧಾನ ಕೊಡುವುದಿಲ್ಲ.

ಧಾರವಾಡದ ಶಾಲೆಯ ಬಾಗಿಲು

ಕ್ರಿಸ್ಟಫರ್ ಜೆಂಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1972ರಲ್ಲಿ ಒಂದು ಕಲ್ಪನೆ ಮುಂದಿಟ್ಟ. ಕೆಂಪು ಕೂದಲಿನ ಮಕ್ಕಳನ್ನು ಶಾಲೆಗೆ ಸೇರಿಸದ ಒಂದು ದೇಶವಿದೆ ಎಂದುಕೊಳ್ಳಿ. ಅಲ್ಲಿ ಕೆಂಪು ಕೂದಲು ಕೊಡುವ ಜೀನ್ ಲೆಕ್ಕದಲ್ಲಿ ‘ಓದು ಬಾರದ ಜೀನ್’ ಆಗಿ ಕಾಣುತ್ತದೆ. ಲೆಕ್ಕ ತಪ್ಪಲ್ಲ. ದೇಶ ತಪ್ಪು.

ಅವನಿಗೆ ಅದು ಕಲ್ಪನೆ. ನಮಗೆ ದಾಖಲೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ ಮಹಾರ್ ಹುಡುಗನೊಬ್ಬನಿಗೆ ಪ್ರವೇಶ ಕೊಡಲಿಲ್ಲ. ಅವನ ಅರ್ಜಿ ಮುಂಬಯಿ ಸರ್ಕಾರದವರೆಗೆ ಹೋಯಿತು. ಅಲ್ಲಿಯೂ ನ್ಯಾಯ ಸಿಗಲಿಲ್ಲ. ಅಂಬೇಡ್ಕರ್ ತಮ್ಮ ಬರಹದಲ್ಲಿ ಈ ಪ್ರಕರಣವನ್ನು ದಾಖಲಿಸಿದ್ದಾರೆ. ಅದೇ ಊರಿನಲ್ಲಿ ಮುಂದಿನ ಶತಮಾನದಲ್ಲಿ ಕಾಮತ್ ಮಕ್ಕಳ ಬುದ್ಧಿಯನ್ನು ಅಳೆದರು. ಅವರ ಕಾಲಕ್ಕೆ ಡಿಎನ್‌ಎ ಓದುವ ಚಿಪ್ ಒಂದು ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ತಲೆಮಾರುಗಳಿಂದ ಅಕ್ಷರ ಕಲಿತ ಮನೆಗಳಲ್ಲಿ ಹೆಚ್ಚಾಗಿದ್ದ ಯಾವುದೇ ರೂಪಾಂತರ, ಅದು ಹಾಲು ಜೀರ್ಣಿಸುವುದಕ್ಕೆ ಸಂಬಂಧಿಸಿದ್ದಿರಲಿ, ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದಿರಲಿ, ಜಾಣತನದ ಗುರುತಾಗಿ ಮೇಲೆದ್ದು ಬರುತ್ತಿತ್ತು.

ಯುರೋಪಿನಲ್ಲೂ ಈ ತೊಡಕು ಇದೆ. ಸಂಶೋಧಕರು ಗಣಿತದ ಉಪಾಯಗಳಿಂದ ಸರಿಪಡಿಸಲು ನೋಡುತ್ತಾರೆ. ಆದರೆ ಭಾರತದಲ್ಲಿ ಅದು ಬೇರೆಯೇ ಮಟ್ಟದ್ದು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆಯ ಅನಲಾಭ ಬಸು, ಪಾರ್ಥ ಮಜುಂದಾರ್ ಮತ್ತಿತರರು 2016ರಲ್ಲಿ ತೋರಿಸಿದಂತೆ, ಇಲ್ಲಿನ ಸಮುದಾಯಗಳು ಒಂದರೊಳಗೊಂದು ಬೆರೆಯುವುದು ಸುಮಾರು 70 ತಲೆಮಾರುಗಳ ಹಿಂದೆ, ಅಂದರೆ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ, ನಿಂತುಹೋಯಿತು. ಜಾತಿಯೊಳಗಿನ ಮದುವೆ ಡಿಎನ್‌ಎಯಲ್ಲಿ ಗೆರೆ ಎಳೆಯಿತು. ಶಾಲೆಯ ಬಾಗಿಲೂ ಅದೇ ಗೆರೆಯ ಮೇಲೆ ಮುಚ್ಚಿಕೊಂಡಿತ್ತು. ಎರಡೂ ಒಂದೇ ಗೆರೆಯ ಮೇಲೆ ಬಿದ್ದಾಗ ಯಾವುದು ಜೀನ್, ಯಾವುದು ಅನ್ಯಾಯ ಎಂದು ಬಿಡಿಸುವ ಗಣಿತ ಇನ್ನೂ ಯಾರ ಕೈಯಲ್ಲೂ ಇಲ್ಲ. ಒಡಹುಟ್ಟಿದವರನ್ನು ಹೋಲಿಸುವುದಷ್ಟೇ ನಂಬಬಹುದಾದ ದಾರಿ. ಅದು ಹೇಳುವುದೂ ಆ ಮನೆಯ ಮಕ್ಕಳ ನಡುವಿನ ವ್ಯತ್ಯಾಸವನ್ನು ಮಾತ್ರ. ಒಂದು ಜಾತಿಗೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇದನ್ನು ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ 1970ರಲ್ಲೇ ಬೀಜದ ಉದಾಹರಣೆಯಿಂದ ವಿವರಿಸಿದ್ದ. ನಮ್ಮ ರಾಗಿಗೆ ಒಗ್ಗಿಸಿ ಹೇಳುವುದಾದರೆ: ಒಂದೇ ಚೀಲದ ಬೆರಕೆ ಬೀಜವನ್ನು ಎರಡು ಹೊಲಕ್ಕೆ ಬಿತ್ತಿ. ಒಂದು ಹೊಲಕ್ಕೆ ಗೊಬ್ಬರ, ನೀರು, ಇನ್ನೊಂದು ಬರಡು. ಆಯಾ ಹೊಲದೊಳಗೆ ಒಂದು ಪೈರು ಎತ್ತರ, ಇನ್ನೊಂದು ಗಿಡ್ಡ ಆಗುವುದು ಪೂರ್ತಿ ಬೀಜದಿಂದಲೇ ಇರಬಹುದು. ಎರಡು ಹೊಲಗಳ ನಡುವಿನ ವ್ಯತ್ಯಾಸ ಮಾತ್ರ ಪೂರ್ತಿ ಗೊಬ್ಬರದ್ದು.

ಗೊಬ್ಬರದ ಬಲ ಸಣ್ಣದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕನ್ನರ ಐಕ್ಯೂ ಅಂಕ ದಶಕಕ್ಕೆ ಸುಮಾರು ಮೂರರಂತೆ ಏರುತ್ತ ಬಂದದ್ದನ್ನು ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಎತ್ತಿ ತೋರಿಸಿದ. ಅಷ್ಟರಲ್ಲಿ ಜೀನ್‌ಗಳು ಬದಲಾಗುವುದಿಲ್ಲ. ಗರ್ಭಿಣಿಗೆ ಅಯೋಡಿನ್ ಸಾಲದೆ ಹೋದರೆ ಮಗುವಿನ ಮಿದುಳು ಸೊರಗುತ್ತದೆ. ಕಾಂಗ್ರಾ ಕಣಿವೆಯಲ್ಲಿ 1956ರಿಂದ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ನಡೆಸಿದ ಅಯೋಡಿನ್ ಉಪ್ಪಿನ ಪ್ರಯೋಗದಿಂದ ನಮ್ಮ ಉಪ್ಪಿನ ಪೊಟ್ಟಣಕ್ಕೆ ಅಯೋಡಿನ್ ಬರುವ ದಾರಿ ತೆರೆಯಿತು. ಪೂರ್ತಿ ಜೀನಿನದೇ ಆದ ತೊಂದರೆಗೂ ಹೊರಗಿನಿಂದ ಪರಿಹಾರ ಸಿಗಬಹುದು. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯಾರ್ನ್ ಫೋಲಿಂಗ್ ಗುರುತಿಸಿದ ಪಿಕೆಯು ಎಂಬ ಅಪರೂಪದ ಕಾಯಿಲೆ ಒಂದೇ ಜೀನಿನ ದೋಷ. ಬಿಟ್ಟರೆ ಮಗು ತೀವ್ರ ಬುದ್ಧಿಮಾಂದ್ಯ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಹಚ್ಚಿ ಆಹಾರದಲ್ಲಿ ಒಂದು ಅಮೈನೋ ಆಮ್ಲ ಕಡಿಮೆ ಮಾಡಿದರೆ ಆ ಮಗು ಎಲ್ಲರಂತೆ ಓದುತ್ತದೆ.

ಯುರೋಪಿನವರ ಸ್ಕೋರನ್ನು ತಂದು ನಮಗೆ ಹಚ್ಚಿದರೆ ಆಗದೇ ಎಂಬ ಪ್ರಶ್ನೆಗೂ ಉತ್ತರವಿದೆ. 11 ಲಕ್ಷ ಜನರ ಆ ಅಧ್ಯಯನದ ಸ್ಕೋರ್, ಯುರೋಪ್ ಮೂಲದ ಅಮೆರಿಕನ್ನರಲ್ಲಿ ಓದಿನ ಏರಿಳಿತದ ಹತ್ತು ಶೇಕಡಾಕ್ಕೂ ಹೆಚ್ಚು ವಿವರಿಸಿದರೆ, ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಕೇವಲ 1.6. ಚಿಪ್ ಓದುವ ಅಕ್ಷರ ಹೆಚ್ಚಿನ ಸಲ ಕೆಲಸ ಮಾಡುವ ಅಕ್ಷರವಲ್ಲ, ಅದರ ನೆರೆಯದು. ಆ ನೆರೆಹೊರೆ ಒಂದೊಂದು ಜನಸಮೂಹದಲ್ಲಿ ಒಂದೊಂದು ರೀತಿ. 2019ರ ಹೊತ್ತಿಗೆ ಇಂಥ ಅಧ್ಯಯನಗಳಲ್ಲಿ ಭಾಗಿಯಾದವರಲ್ಲಿ ಸುಮಾರು 79 ಶೇಕಡಾ ಯುರೋಪ್ ಮೂಲದವರಾಗಿದ್ದರು.

ನಮ್ಮದೇ ನಕ್ಷೆ ಈಗಷ್ಟೇ ಬರುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನವನ್ನೂ ನಡೆಸುತ್ತಿದೆ. ರಕ್ತ ಪರೀಕ್ಷೆ, ಮಿದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಇದೆ. ಕನ್ನಡ, ತೆಲುಗು ಎರಡೂ ಆಡುವ ಸೀಮೆ ಅದು. ಶಾಲೆ ಕಾಣದ ಹಿರಿಯರು ಬಹಳ. ಹೀಗಾಗಿ ಓದುಬರಹದ ಮೇಲೆ ನಿಂತ ಪರದೇಶದ ಪರೀಕ್ಷೆಯನ್ನು ಯಥಾವತ್ತಾಗಿ ಅವರ ಮುಂದಿಡುವಂತಿಲ್ಲ. ಅಲ್ಲಿ ಕೇಳುತ್ತಿರುವ ಪ್ರಶ್ನೆ ಯಾರು ಜಾಣರು ಎಂಬುದಲ್ಲ. ಯಾರ ನೆನಪು ಯಾವಾಗ, ಯಾಕೆ ಮಾಸುತ್ತದೆ ಎಂಬುದು. ಮಾವಿನ ತೋಟದ ಆಳಿನ ನೆನಪನ್ನು ಹತ್ತು ವರ್ಷದ ಬಳಿಕ ಅವನದೇ ಹಳೆಯ ನೆನಪಿನೊಂದಿಗೆ ಹೋಲಿಸಿದರಾಯಿತು, ಪಕ್ಕದೂರಿನ ಮೇಷ್ಟರೊಂದಿಗಲ್ಲ. ಜೀನ್ ಮತ್ತು ಬುದ್ಧಿಯ ಬಗ್ಗೆ ನಮ್ಮ ನೆಲದಲ್ಲಿ ಸದ್ಯ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಇದೇ ಎಂದು ನನಗನಿಸುತ್ತದೆ.

ಮಾರಾಟಕ್ಕಿದೆ ಜಾಣತನ

ಮಾರುಕಟ್ಟೆಗೆ ಇಷ್ಟು ತಾಳ್ಮೆ ಇಲ್ಲ. ಹತ್ತು ಬೆರಳಿನ ಗೆರೆ ಸ್ಕ್ಯಾನ್ ಮಾಡಿ ಮಗು ಎಂಜಿನಿಯರ್ ಆಗಬೇಕೋ ಗಾಯಕನಾಗಬೇಕೋ ಎಂದು ಹೇಳುವ ‘ಡಿಎಂಐಟಿ’ ಪರೀಕ್ಷೆಯನ್ನು ನಮ್ಮ ನಗರಗಳ ತಂದೆತಾಯಿಗಳಿಗೆ ವರ್ಷಗಟ್ಟಲೆ ಮಾರಿದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಬೆರಳು ಹೋಗಿ ಎಂಜಲಿನ ಕಿಟ್ ಬರುವುದು ಬಹಳ ದೂರವಿಲ್ಲ. ಆಗ ಹೇಳುವ ಸುಳ್ಳಿಗೆ ನಿಜವಾದ ವಿಜ್ಞಾನದ ಪದಗಳ ಬೆಂಬಲವೂ ಇರುತ್ತದೆ. ಕಷ್ಟ ಇರುವುದು ಅಲ್ಲೇ.

ಅಮೆರಿಕದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಪ್ರನಾಳ ಶಿಶು ಚಿಕಿತ್ಸೆಗೆ ಬಂದ ದಂಪತಿಗಳಿಗೆ, ಭ್ರೂಣಗಳ ಪಾಲಿಜೆನಿಕ್ ಸ್ಕೋರ್ ನೋಡಿ ಹೆಚ್ಚು ಐಕ್ಯೂ ಬರಬಹುದಾದದ್ದನ್ನು ಆರಿಸಿಕೊಳ್ಳಿ ಎನ್ನುವ ಕಂಪನಿಗಳು ಹುಟ್ಟಿವೆ. ಇದರಿಂದ ಸಿಗುವುದೆಷ್ಟು ಎಂದು ಇಸ್ರೇಲಿನ ಶಾಯ್ ಕಾರ್ಮಿ ತಂಡ 2019ರಲ್ಲಿ ಲೆಕ್ಕ ಹಾಕಿತು. ಹತ್ತು ಭ್ರೂಣಗಳಿಂದ ಅತಿ ಹೆಚ್ಚಿನ ಸ್ಕೋರಿನದನ್ನು ಆರಿಸಿದರೆ, ಸರಾಸರಿ ಭ್ರೂಣಕ್ಕಿಂತ ಸುಮಾರು ಎರಡೂವರೆ ಐಕ್ಯೂ ಅಂಕ ಹೆಚ್ಚು. ಅದೂ ಹತ್ತು ಭ್ರೂಣಗಳು ಸಿಕ್ಕರೆ, ಆರಿಸಿದ್ದು ಗರ್ಭ ಕಟ್ಟಿದರೆ, ದಂಪತಿ ಯುರೋಪ್ ಮೂಲದವರಾದರೆ. ಕನ್ನಡದ ದಂಪತಿಗೆ ಲಾಭ ಇನ್ನೂ ಕಡಿಮೆ; ಸ್ಕೋರ್ ಕಟ್ಟಿದ್ದು ಅವರ ಜನರ ಮೇಲಲ್ಲ.

ಭಾರತದಲ್ಲಿ ಇದಕ್ಕೆ ಕಾನೂನಿನ ತಡೆ ಇದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ, ಇಂಥ ಪರೀಕ್ಷೆಗಳನ್ನು ಪಟ್ಟಿಯಲ್ಲಿರುವ ವರ್ಣತಂತು ದೋಷ, ಚಯಾಪಚಯ ಕಾಯಿಲೆ, ರಕ್ತದ ಕಾಯಿಲೆಗಳಂಥ ಕಾರಣಗಳಿಗೆ ಮಾತ್ರ ಸೀಮಿತಗೊಳಿಸಿದೆ. ಐಕ್ಯೂ ಆ ಪಟ್ಟಿಯಲ್ಲಿಲ್ಲ. ಕಾನೂನಿನ ಕಣ್ಣು ತಪ್ಪಿಸಿ ವಿಮಾನ ಹತ್ತುವಷ್ಟು ಹಣ ಇರುವವರಿಗೆ ಒಂದು ವಿಷಯವನ್ನಾದರೂ ಯಾರಾದರೂ ಹೇಳಬೇಕು. ಅವರು ಕೊಳ್ಳಲು ಹೊರಟಿರುವುದು ಎರಡೂವರೆ ಅಂಕ. ಒಂದೇ ಮಗುವಿಗೆ ಐಕ್ಯೂ ಪರೀಕ್ಷೆಯನ್ನು ಮುಂದಿನ ತಿಂಗಳು ಮತ್ತೆ ಕೊಟ್ಟರೆ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂತೋ ಇಲ್ಲವೋ ಎಂಬಂಥ ಕಾರಣಕ್ಕೇ ಅಂಕ ಅದಕ್ಕಿಂತ ಹೆಚ್ಚು ಆಚೀಚೆ ಆಗುವುದುಂಟು.